ಶಾಲೆಯ ನಲ್ಲಿ

ಬಾಟಲಿ ಕಪ್ಪಾದರೆ ನೀರು ಕೆಟ್ಟಿದೆ ಎಂದರ್ಥ. ಒಂಬತ್ತನೇ ತರಗತಿಯ ಮಕ್ಕಳಿಗೆ ಇಷ್ಟನ್ನು ಕಲಿಸುವುದು ಅವರ ಓಜಾ, ಎಂದರೆ ಟೀಚರ್, ಬಿಲಾಶಿನಿಗೆ ಕಷ್ಟವಾಗಲಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಪುಟ್ಟ ಬಾಟಲಿ, ಒಳಗೆ ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರು. ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿಟ್ಟು ಮಾರನೆಯ ದಿನ ನೋಡಬೇಕು. ಮಲದ ಕೊಳೆ ಸೇರಿದ ನೀರಾದರೆ ಒಳಗಿನದೆಲ್ಲ ಕಾಡಿಗೆಯ ಹಾಗಾಗುತ್ತದೆ.

ಲೋಕ್ತಾಕ್ ಸರೋವರದ ದಂಡೆಯ ಆ ಸರ್ಕಾರಿ ಹೈಸ್ಕೂಲಿಗೆ ಇಂಫಾಲದಿಂದ ಯಾರೋ ಅಂಥ ಬಾಟಲಿಗಳ ಒಂದು ಡಬ್ಬಿ ಕಳಿಸಿದ್ದರು. ಮಕ್ಕಳು ಉತ್ಸಾಹದಿಂದ ನೀರು ತಂದರು. ಹೊಳೆ ಬಂದು ಸೇರುವ ಕಡೆಯಿಂದ ಒಬ್ಬ, ಮೀನುಪೇಟೆಯ ಹಿಂದಿನಿಂದ ಇನ್ನೊಬ್ಬಳು. ಲಿಂಥೋಯಿ ತನ್ನ ಮನೆಯ ಬಾಗಿಲಿಂದಲೇ ತಂದಳು. ಅವಳದು ಸರೋವರದ ನಡುವೆ, ತೇಲುವ ಹುಲ್ಲುಹಾಸಿನ ಮೇಲೆ ಕಟ್ಟಿದ ಗುಡಿಸಲು. ಅಪ್ಪ ಬಲೆ ಹಾಕುತ್ತಿದ್ದ, ಅವ್ವ ಮೀನು ಒಣಗಿಸಿ ಮಾರುತ್ತಿದ್ದಳು, ಹುಡುಗಿ ತಾನೇ ದೋಣಿಗೆ ಹುಟ್ಟು ಹಾಕಿಕೊಂಡು ಶಾಲೆಗೆ ಬರುತ್ತಿದ್ದಳು.

ಎಲ್ಲರ ಬಾಟಲಿಗಳೂ ಕಪ್ಪಾದವು. ಎಲ್ಲಕ್ಕಿಂತ ಮೊದಲು ಕಪ್ಪಾದದ್ದು ಲಿಂಥೋಯಿಯದು.

"ಇವಳ ಮನೇದು ಶಾಯಿ ಓಜಾ, ಪೆನ್ನಿಗೆ ತುಂಬ್ಕೋಬಹುದು," ಎಂದ ನಾವೋಬಾ. ತರಗತಿ ನಕ್ಕಿತು.

ಲಿಂಥೋಯಿ ನಗಲಿಲ್ಲ. "ಓಜಾ, ನಾವು ಇದನ್ನೇ ಕುಡಿಯೋದು," ಎಂದಳು.

ಕುದಿಸಿ ಕುಡಿಯಿರಿ ಎಂದು ಬಿಲಾಶಿನಿ ಹೇಳಿ ಕಳಿಸಿದಳು. ಎರಡು ದಿನ ಕಳೆದು ಲಿಂಥೋಯಿಯ ಅವ್ವ ತೊಂಬಿಸನಾ ಮೀನಿನ ಬುಟ್ಟಿ ಹೊತ್ತುಕೊಂಡೇ ಶಾಲೆಯ ಜಗಲಿಗೆ ಬಂದಳು.

"ಓಜಾ, ನೀವು ಇವಳಿಗೆ ಏನ್ ಹೇಳ್ಕೊಟ್ರೋ, ಇವಳು ಕೊಡ ಕೊಡ ನೀರು ಚೆಲ್ತಾಳೆ. ಅವರಪ್ಪನ ಕೈಲಿರೋ ಲೋಟ ಕಿತ್ಕೋತಾಳೆ. ಎಲ್ಲಾನೂ ಕುದಿಸೋಕೆ ಸೌದೆ ಎಲ್ಲಿಂದ ತರ್ಲಿ? ಒಂದೊಂದು ಕಡ್ಡೀನೂ ದಂಡೆಯಿಂದ ದೋಣೀಲಿ ಬರಬೇಕು. ಇವಳ ಪುಟ್ಟ ತಮ್ಮಂಗೆ ಮಾತ್ರ ಕುದಿಸ್ತೀನಿ. ಅಷ್ಟಕ್ಕೇ ನನ್ನ ಉಸಿರು ಹೋಗತ್ತೆ."

ಅಕ್ಕನನ್ನು ಕರೆಯುವಂತೆ ಬಿಲಾಶಿನಿ ಹೇಳಿದಳು, "ತಪ್ಪಲ್ಲ ಇಚೇ, ಅವಳು ಹೇಳೋದು ನಿಜ."

"ನಿಜಾನೇ ಇರ್ಲಿ. ಈ ನೀರಿಗೆ ಹೆದರೋದು ಕಲಿಸಿದ್ರಿ. ಇನ್ನು ಯಾವ ನೀರು ಕುಡೀಬೇಕು ಅದನ್ನೂ ಕಲಿಸಿ."

ಅಂಗಳದಲ್ಲಿ ಮಕ್ಕಳು ನಲ್ಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದರು. ಬಿಲಾಶಿನಿ ಅತ್ತ ಕೈ ತೋರಿಸಿದಳು. "ಇಲ್ಲಿಂದ ಒಯ್ಯಲಿ. ಸಂಜೆ ಹೋಗುವಾಗ ಕ್ಯಾನಿನಲ್ಲಿ ತುಂಬ್ಕೊಂಡು ಹೋಗ್ಲಿ. ಇದು ಗುಡ್ಡದ ಮೇಲಿನ ಟ್ಯಾಂಕಿನ ನೀರು."

"ಕುದಿಸಬೇಕಾ?"

"ಬೇಡ."

ತೊಂಬಿಸನಾಳ ಮುಖ ಸಡಿಲವಾಯಿತು. ಹೋಗುವಾಗ ಒಂದು ಹಿಡಿ ಒಣಮೀನು ಮೇಜಿನ ಮೇಲಿಟ್ಟು ಹೋದಳು.

ಮಾರನೆಯ ದಿನ ನಾವೋಬಾ ಕೇಳಿದ್ದ, "ನಲ್ಲಿ ನೀರು ನೋಡೋಲ್ವಾ ಓಜಾ?" ಡಬ್ಬಿಯಲ್ಲಿ ಬಾಟಲಿಗಳು ಮುಗಿಯುತ್ತ ಬಂದಿದ್ದವು. "ಇರೋದು ಸರೋವರಕ್ಕೇ ಸಾಲಲ್ಲ, ಸುಮ್ನೆ ಯಾಕೆ ಹಾಳು ಮಾಡೋದು," ಎಂದು ಬಿಲಾಶಿನಿ ಪಾಠ ಮುಂದುವರಿಸಿದ್ದಳು.

ಆಮೇಲೆ ಸಂಜೆ ಸಂಜೆ ಲಿಂಥೋಯಿ ಹಳದಿ ಕ್ಯಾನು ತುಂಬಿಸಿಕೊಂಡು ದೋಣಿ ಹತ್ತುವುದನ್ನು ನೋಡುವಾಗ ಬಿಲಾಶಿನಿಗೆ ಹೆಮ್ಮೆಯೆನಿಸುತ್ತಿತ್ತು. ತಾನು ಕಲಿಸಿದ್ದು ಒಂದು ಮನೆಗಾದರೂ ತಲುಪಿತಲ್ಲ ಎಂದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ನಾವೋಬಾ ಏದುಸಿರು ಬಿಡುತ್ತ ಬಂದ. "ಓಜಾ, ಲಿಂಥೋಯಿ ತಮ್ಮಂಗೆ ಭೇದಿ ನಿಲ್ತಾ ಇಲ್ಲವಂತೆ. ಕಣ್ಣು ಬಿಡ್ತಾ ಇಲ್ಲವಂತೆ. ಅವರಪ್ಪ ಬಲೆಗೆ ಹೋದೋನು ಬಂದೇ ಇಲ್ಲ."

ಅವನ ಚಿಕ್ಕಪ್ಪನ ದೋಣಿಯಲ್ಲಿ ಹೋದರು. ಗುಡಿಸಲಲ್ಲಿ ಮಗು ಅವ್ವನ ಮಡಿಲಲ್ಲಿ ಹಿಂಡಿದ ಬಟ್ಟೆಯಂತೆ ಬಿದ್ದಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಬಿಲಾಶಿನಿ ಅದರ ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಂತಿತು. ಪಕ್ಕದಲ್ಲಿ ಲಿಂಥೋಯಿ ಲೋಟ, ಚಮಚ ಹಿಡಿದು ಕೂತಿದ್ದಳು.

"ಉಪ್ಪು ಸಕ್ಕರೆ ನೀರು ಕೊಡ್ತಾ ಇದೀನಿ ಓಜಾ, ನೀವು ಪಾಠದಲ್ಲಿ ಹೇಳಿದ ಹಾಗೇ. ಸರೋವರದ ನೀರು ಒಂದು ಹನೀನೂ ಹಾಕಿಲ್ಲ. ಎಲ್ಲಾ ನಮ್ಮ ಶಾಲೇದೇ."

"ಮೊದಲು ಕುಡಿಸ್ತಾ ಇದ್ದದ್ದು?"

"ಅದೂ ಶಾಲೇದೇ. ನೀವು ಹೇಳಿದ ಮೇಲೆ ಅವ್ವ ಕುದಿಸೋದು ಬಿಟ್ಟಳು."

ಬಿಲಾಶಿನಿ ಮೂಲೆಯಲ್ಲಿದ್ದ ಹಳದಿ ಕ್ಯಾನಿನ ಕಡೆ ನೋಡಿದಳು. ಯೋಚಿಸಲು ಪುರುಸೊತ್ತಿರಲಿಲ್ಲ. ಮಗುವನ್ನು ಸುತ್ತಿ ದೋಣಿಗೆ ಹತ್ತಿಸಿದರು. ಹುಲ್ಲುಹಾಸು ಸರಿದು ದಾರಿ ಕಟ್ಟಿಕೊಂಡಿತ್ತು. ನಾವೋಬಾನ ಚಿಕ್ಕಪ್ಪ ಉದ್ದನೆಯ ಬಿದಿರಿನಿಂದ ತಳ್ಳಿ ತಳ್ಳಿ ಜಾಗ ಮಾಡಿದ. ಮಗುವಿನ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಲಿಂಥೋಯಿ ಚಮಚ ಎತ್ತಿದಳು.

"ಕೊಡ್ಲಾ ಓಜಾ?"

ಬಿಲಾಶಿನಿಯ ಕೈ ಚಮಚಕ್ಕೆ ಅಡ್ಡ ಹೋಯಿತು. ಕೊಡದಿದ್ದರೆ ಮಗು ದಡ ಸೇರುವುದಿಲ್ಲ. ಕೊಟ್ಟರೆ ಅದೇ ನೀರು. ತೊಂಬಿಸನಾ ಇಬ್ಬರನ್ನೂ ನೋಡಿದಳು.

"ಯಾಕೆ ಓಜಾ, ಈ ನೀರಿಗೇನಾಗಿದೆ?"

"ಕೊಡು," ಎಂದಳು ಬಿಲಾಶಿನಿ. "ಸ್ವಲ್ಪ ಸ್ವಲ್ಪ ಕೊಡು." ದಡ ಮುಟ್ಟುವವರೆಗೂ ಒಂದೊಂದು ಚಮಚವೂ ಆ ಪುಟ್ಟ ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ಕೂತಳು.

ಆಸ್ಪತ್ರೆಯಲ್ಲಿ ಮಗುವಿನ ಕೈಯಲ್ಲಿ ನರ ಸಿಗಲಿಲ್ಲ. ಕೊನೆಗೆ ಪಾದದಲ್ಲಿ ಸೂಜಿ ಚುಚ್ಚಿ ಸಲೈನ್ ಹಾಕಿದರು. ಡಾಕ್ಟರು ಯಾವ ನೀರು ಎಂದು ಕೇಳಿದಾಗ ತೊಂಬಿಸನಾ ಬಿಲಾಶಿನಿಯ ಕಡೆ ನೋಡಿದಳು. ಬಿಲಾಶಿನಿಯೇ ಹೇಳಿದಳು.

ಅಲ್ಲಿಂದ ನೇರ ಶಾಲೆಗೆ ಬಂದಳು. ಡಬ್ಬಿಯ ತಳದಲ್ಲಿ ಒಂದೇ ಬಾಟಲಿ ಉಳಿದಿತ್ತು. ನಲ್ಲಿಯಿಂದ ತುಂಬಿಸಿ ಮುಚ್ಚಳ ತಿರುಗಿಸಿದಳು. ಚಳಿಗಾಲ, ಎಲ್ಲಿಟ್ಟರೂ ತಣ್ಣಗೆ. ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಹಾಗೇ ಮಲಗಿದಳು. ಬೆಳಿಗ್ಗೆ ತೆಗೆದು ಬೆಳಕಿಗೆ ಹಿಡಿದರೆ ಆಚೆಗಿನ ಕಿಟಕಿ ಕಾಣಲಿಲ್ಲ.

ಹೆಡ್‌ಮಾಸ್ತರ್ ಗೌರಮಣಿ ಬಾಟಲಿಯನ್ನು ಮುಟ್ಟಲೂ ಇಲ್ಲ. "ಟ್ಯಾಂಕಿಗೆ ನೀರು ಎಲ್ಲಿಂದ ಏರಿಸ್ತಾರೆ ಅಂದ್ಕೊಂಡಿದ್ರಿ? ಈ ಸರೋವರದಿಂದ್ಲೇ. ಔಷಧಿ ಹಾಕೋನು ಬಂದ್ರೆ ಬಂದ, ಇಲ್ಲಾಂದ್ರೆ ಇಲ್ಲ. ಎಲ್ಲರಿಗೂ ಗೊತ್ತಿರೋದೇ."

"ನಂಗೆ ಗೊತ್ತಿರಲಿಲ್ಲ ಸರ್."

"ಈಗ ಗೊತ್ತಾಯ್ತಲ್ಲ, ಸುಮ್ನಿರಿ. ನಲ್ಲಿ ನಿಲ್ಲಿಸಿದ್ರೆ ಇಷ್ಟು ಮಕ್ಕಳಿಗೆ ನಾನೇನ್ ಕುಡಿಸ್ಲಿ? ಶಾಲೆ ಮುಚ್ಚಿಸ್ತೀರಾ?"

ಬಿಲಾಶಿನಿ ಬಾಟಲಿ ತೆಗೆದುಕೊಂಡು ಹೊರಗೆ ಬಂದಳು. ಪ್ರಾರ್ಥನೆಗೆ ನಿಂತ ಮಕ್ಕಳ ಮುಂದೆ ಅದನ್ನು ಎತ್ತಿ ಹಿಡಿದಳು. "ಇದು ನಮ್ಮ ನಲ್ಲೀದು. ಒಳ್ಳೇದು ಅಂತ ನಾನು ನೋಡದೇ ಹೇಳ್ಬಿಟ್ಟೆ. ನೋಡು ಅಂದವನ ಮಾತೂ ಕೇಳಲಿಲ್ಲ." ಯಾರೂ ನಗಲಿಲ್ಲ. ಒಂದು ಚಿಕ್ಕ ಹುಡುಗಿ ತನ್ನ ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಕಿತ್ತುಕೊಳ್ಳುತ್ತಾರೆ ಎಂಬಂತೆ.

ಅಂದಿನಿಂದ ಬಿಸಿಯೂಟದ ಒಲೆಯ ಮೇಲೆ ಅವಳೇ ದೊಡ್ಡ ಪಾತ್ರೆಯಿಟ್ಟು ನೀರು ಕುದಿಸತೊಡಗಿದಳು. ಅದು ಮಧ್ಯಾಹ್ನದ ಹೊತ್ತಿಗೇ ಖಾಲಿ. ಬಾಯಾರಿದ ಮಕ್ಕಳು ಅವಳ ಕಣ್ಣು ತಪ್ಪಿಸಿ ನಲ್ಲಿಗೆ ಬಾಯಿಡುತ್ತಿದ್ದರು. ಅವಳು ಕಂಡೂ ಕಾಣದಂತೆ ಇರಬೇಕಾಗುತ್ತಿತ್ತು.

ಮಗು ಉಳಿಯಿತು. ಮನೆಗೆ ಬಂತೆಂದು ಸುದ್ದಿ ತಂದವನು ನಾವೋಬಾನೇ. ಆದರೆ ಲಿಂಥೋಯಿ ಶಾಲೆಗೆ ಬರಲಿಲ್ಲ. ವಾರಗಳು ಕಳೆದವು. ಕೊನೆಗೆ ಒಂದು ರಜೆಯ ದಿನ ಬಿಲಾಶಿನಿ ದೋಣಿಯೊಂದನ್ನು ಕೇಳಿ ಪಡೆದು ತಾನೇ ಹೊರಟಳು.

ಲಿಂಥೋಯಿ ಗುಡಿಸಲ ಮುಂದೆ ಮೀನಿನ ಕರುಳು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ ಮೇಲೆ ಸಿಟ್ಟಾ?"

"ಇಲ್ಲ ಓಜಾ." ಚಾಕು ನಿಲ್ಲಲಿಲ್ಲ. "ಲೋಟ ಹಿಡಿದವಳು ನಾನೇ ಅಲ್ವಾ. ಏನೂ ಗೊತ್ತಿಲ್ದೇ ಇದ್ದಾಗ್ಲೇ ಚೆನ್ನಾಗಿತ್ತು. ಅವ್ವ ಕುದಿಸ್ತಾ ಇದ್ದಳು, ತಮ್ಮ ಇಬುಂಗೋ ಚೆನ್ನಾಗಿದ್ದ."

ಬಿಲಾಶಿನಿ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅದೆಲ್ಲ ಬಿಟ್ಟು ಒದ್ದೆ ಹುಲ್ಲಿನ ಮೇಲೆ ಕೂತು ಅತ್ತಳು. ಹುಡುಗಿಯ ಚಾಕು ಆಗ ನಿಂತಿತು.

ಒಳಗಿಂದ ತೊಂಬಿಸನಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಮಗುವಿನ ಕುತ್ತಿಗೆ ಇನ್ನೂ ಬಡಕಲಾಗಿತ್ತು.

"ಓಜಾ, ನಿಮ್ಮನ್ನ ಬೈಯೋಕೆ ಬೇಕಾದಷ್ಟು ಮಾತು ಕೂಡಿಟ್ಟಿದ್ದೆ. ಬೇಡ ಬಿಡಿ. ಇವಳನ್ನ ಕರ್ಕೊಂಡು ಹೋಗಿ. ಅರ್ಧ ಕಲಿಸಿದ್ದಕ್ಕೇ ಹೀಗಾಯ್ತು. ಪೂರ್ತಿ ಕಲಿಸಿ."

"ನಂಗೇ ಪೂರ್ತಿ ಗೊತ್ತಿಲ್ಲ ಇಚೇ."

"ಹಾಗಿದ್ರೆ ಇಬ್ಬರೂ ಕಲೀರಿ." ಅವಳು ಮಗಳ ಕೈಯಿಂದ ಚಾಕು ತೆಗೆದುಕೊಂಡಳು. "ಏಳೇ. ಕೈ ತೊಳ್ಕೋ."

ಲಿಂಥೋಯಿ ಎದ್ದು ಒಳಗೆ ಹೋಗಿ ಪುಸ್ತಕದ ಚೀಲ ತಂದಳು. ಅಂದು ಶಾಲೆಯಿರಲಿಲ್ಲ, ಅವಳು ಅದನ್ನು ಕೇಳಲೂ ಇಲ್ಲ. ದೋಣಿ ಹತ್ತಿ, ಓಜಾಳ ಕೈಯಲ್ಲಿದ್ದ ಹುಟ್ಟನ್ನು ಮಾತಿಲ್ಲದೆ ತೆಗೆದುಕೊಂಡು, ದಂಡೆಯ ಕಡೆ ಹೊರಳಿಸಿದಳು.