ಮೂರನೇ ಗುಂಡಿ ಇಲ್ಲದ ಫೌಜು

ಹೋದ ವರ್ಷ ಹೈದರಾಬಾದಿನ ಮೇಳದಲ್ಲಿ ನನ್ನ ಫೌಜಿನ ಮುಂದೆ ಒಂದು ಚೀಟಿ ಇಟ್ಟರು: ‘ಇತರೆ’. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ.

ನಮ್ಮ ಫೌಜೆಂದರೆ ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಬೊಂಬೆ ಸೈನಿಕರು. ಕೈಯಾರೆ ಬಣ್ಣ ಬಳಿದು, ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಆಡುತ್ತೇವೆ. ಈ ಆಟದವರೆಲ್ಲ ಸೇರುವುದೇ ಹೈದರಾಬಾದಿನ ಮೇಳ. ನಾನು ನಾಗಣ್ಣ, ಶಹಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಐವತ್ತು ದಾಟಿದ ಮೇಲೆ ಇದೇನು ಹುಡುಗಾಟ ಎಂದು ನಗುವವರು ನಗಲಿ. ಇಸ್ಪೀಟಿಗಿಂತ ಇದು ಲೇಸು ಎಂದು ನನ್ನ ಹೆಂಡತಿ ಕಸ್ತೂರಿ ಕೂಡ ಒಪ್ಪುತ್ತಾಳೆ, ವರ್ಷಕ್ಕೊಮ್ಮೆ.

ನನ್ನ ಎದುರಾಳಿ ಅಯಾಜ್, ಯಾದಗಿರಿಯಲ್ಲಿ ಕನ್ನಡಕದ ಅಂಗಡಿಯವನು, ಕಾಲೇಜಿನಿಂದ ದೋಸ್ತ. ಅವನದು ಇಂಗ್ಲಿಷರ ಫೌಜು. ಅವರ ಟೋಪಿ, ಪಟ್ಟಿ, ಬೂಟಿನ ಲಾಡಿಯ ತನಕ ಎಲ್ಲವೂ ಅವನಿಗೆ ಕೂತಲ್ಲೇ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ನನ್ನದು ೧೮೫೮ರಲ್ಲಿ ಅದೇ ಇಂಗ್ಲಿಷರ ಮೇಲೆ ಬಿದ್ದ ಸುರಪುರದ ಪಡೆ. ಅವರು ಏನು ತೊಟ್ಟಿದ್ದರು ಎಂದು ನಾನು ಹುಡುಕಿದ ಯಾವ ಪುಸ್ತಕವೂ ಹೇಳಲಿಲ್ಲ.

ಮೇಳದ ನಿಯಮ ಸರಳ. ಪಡೆ ತನ್ನ ಹೆಸರಿನಲ್ಲೇ ನಿಲ್ಲಬೇಕಾದರೆ ಅದರ ಉಡುಪನ್ನು ಎದುರಾಳಿ ಒಪ್ಪಿ ಸಹಿ ಹಾಕಬೇಕು. ಇಲ್ಲದಿದ್ದರೆ ‘ಇತರೆ’. ಹೋದ ವರ್ಷ ಅಯಾಜ್ ಹಾಕಲಿಲ್ಲ. “ಪುರಾವಾ ಕೊಡು, ಸಹಿ ತಗೋ,” ಅಂದ. ಈ ವರ್ಷ ಮೇಳ ಹತ್ತಿರ ಬಂದಾಗ ಫೋನು ಮಾಡಿ ಕೆಣಕಿದ.

“ಈ ಸಲಾನೂ ಇತರೇನ ಏನಲೇ?”

“ಬಾಯಿ ಮುಚ್ಚಲೇ. ಸುರಪುರ ಅಂದ್ರ ಉಪ್ಪಿನಕಾಯಿ ಅಂತ ತಿಳದೀ ಏನು, ತಾಟಿನ ಬಾಜೂಕ ಇಡಾಕ?”

ಅಂದೆನೇನೋ ಹೌದು. ಪುರಾವೆ ಎಲ್ಲಿತ್ತು? ಮರುದಿನವೇ ಸುರಪುರದ ಬಸ್ಸು ಹತ್ತಿದೆ.

ಅಲ್ಲಿ ಚಹಾದಂಗಡಿಯಲ್ಲಿ ಕೇಳಿದ್ದಕ್ಕೆ ಸಾವಿತ್ರಿಬಾಯಿ ಎಂಬ ಮುದುಕಿಯ ಮನೆ ತೋರಿಸಿದರು. ಆಕೆ ಮೊದಲು ರೊಟ್ಟಿ ತಿನ್ನಿಸಿ, ಆಮೇಲೆ ಗೋಡೆಯ ಫೋಟೋ ಇಳಿಸಿ ಸೆರಗಿನಿಂದ ಒರೆಸಿ ಕೊಟ್ಟಳು. ರುಮಾಲು, ಹುರಿ ಮೀಸೆ, ಮೊಣಕಾಲ ತನಕ ಕೋಟು, ನೆಟ್ಟಗೆ ಹಿಡಿದ ಕತ್ತಿ. ಮೊಬೈಲು ತೆಗೆದು ಅದರ ಫೋಟೋ ಹೊಡೆದುಕೊಂಡೆ.

“ನಮ್ಮ ಮುತ್ಯಾ, ತಮ್ಮಾ. ನಮ್ಮ ಮನಿತನದಾಗ ಹಿಂದಿನವರೆಲ್ಲಾ ಫೌಜಿನವರೇ.”

“ಕೋಟಿನ ಬಣ್ಣ ಯಾವುದಬೇ?”

“ಹಸರು. ಮಖಮಲ್ಲು. ಮುತ್ಯಾನ ಹೇಳತಿದ್ದ.”

ಫೋಟೋ ತೆಗೆದದ್ದು ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಎಂಬುದು ನನಗೂ ಗೊತ್ತಾಯಿತು. ಹಿರಿಯರ ಕೋಟನ್ನು ಜೋಪಾನ ಮಾಡಿ ತೊಟ್ಟಿರಬೇಕು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಅಲ್ಲಿಂದ ಆಕೆಯೇ ತೋರಿಸಿದ ಸರದಾರಸಾಬರ ಮನೆಗೆ ಹೋದೆ. ಅವರ ಅಜ್ಜನ ಮೈಮೇಲೂ ಅದೇ ಕೋಟು! ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಮೂರನೆಯವನು, ಅದೇ ಕೋಟು! ಮೂರರಲ್ಲೂ ಮೇಲಿನಿಂದ ಮೂರನೇ ಗುಂಡಿ ಇರಲಿಲ್ಲ. ಮೂರು ಜಾಗ, ಒಂದೇ ಉಡುಪು. ಇದಕ್ಕಿಂತ ಪುರಾವೆ ಯಾವ ಬ್ರಹ್ಮ ಕೊಡಬೇಕು? ಮದ್ದಿನ ಚೀಲದ ಪಟ್ಟಿ ಸಿಕ್ಕಿಕೊಳ್ಳಬಾರದೆಂದು ಆ ಗುಂಡಿ ಬಿಟ್ಟಿದ್ದಾರೆ ಎಂದು ಬಸ್ಸಿನಲ್ಲೇ ಸಿದ್ಧಾಂತ ಕಟ್ಟಿದೆ.

ಮನೆಗೆ ಬಂದು ಇಡೀ ಪಡೆಗೆ ಹಸಿರು ಬಳಿದೆ. ಒಂದೇ ಕೂದಲಿನ ಕುಂಚದಿಂದ ಗುಂಡಿ ಇಟ್ಟೆ, ಮೂರನೆಯದನ್ನು ಮಾತ್ರ ಭಕ್ತಿಯಿಂದ ಬಿಟ್ಟೆ. ಕಸ್ತೂರಿ ಬಗ್ಗಿ ನೋಡಿದಳು.

“ಗುಂಡಿ ಹರದದ್ದು ಹಚ್ಚಿ ಕೊಡಾಕ ಇಡೀ ಫೌಜಿಗೆ ಒಬ್ಬ ಹೆಂಡ್ತೀನೂ ಇರಲಿಲ್ಲೇನ್ರಿ?”

ಹೆಂಗಸರಿಗೆ ಯುದ್ಧ ಏನು ತಿಳಿಯುತ್ತದೆ ಎಂದುಕೊಂಡೆ.

ಭಾನುವಾರ ಯಾದಗಿರಿಯಲ್ಲಿ ಅಯಾಜನ ಮುಂದೆ ಪಡೆ ನಿಲ್ಲಿಸಿ, ಮೊಬೈಲಿನಲ್ಲಿ ಮೂರೂ ಫೋಟೋ ತೋರಿಸಿದೆ. ಅವನು ಅಂಗಡಿಯ ಭೂತಗನ್ನಡಿ ಹಿಡಿದು ಗುಂಡಿಗಳನ್ನಷ್ಟೇ ನೋಡಿಯೇ ನೋಡಿದ. “ಶಾಬಾಸ್,” ಎಂದು ಪೆನ್ನು ತೆಗೆದ. ಅಷ್ಟರಲ್ಲಿ ಅವನ ಹೆಂಡತಿ ನುಜ್ಹತ ಚಹಾ ತಂದಳು.

“ಅರೆ, ಇದು ದಾದಾನ ಕೋಟಲ್ಲೇನ್ರಿ?”

ಒಳಗಿನ ಸಂದೂಕಿನಿಂದ ಒಂದು ಫೋಟೋ ತಂದಿಟ್ಟಳು. ಅಯಾಜನ ಅಜ್ಜ ಉಸ್ಮಾನಸಾಬ. ಅದೇ ಕೋಟು, ಅದೇ ಕತ್ತಿ. ಮೂರನೇ ಗುಂಡಿ ಇಲ್ಲ.

“ದಾದಾ ಯಾವ ಫೌಜಿನ್ಯಾಗಿದ್ದರವ್ವಾ?” ಎಂದು ಕೇಳಿದೆ.

“ಎಲ್ಲೀ ಫೌಜರೀ ಅಣ್ಣಾ! ಸ್ಟೇಷನ್ ಮುಂದ ಟಾಂಗಾ ಹೊಡೀತಿದ್ರು. ಸುರಪುರದಾಗ ಒಬ್ಬ ಫೋಟೋದವ ಇದ್ನಂತ. ಕೋಟು, ಕತ್ತಿ ಎಲ್ಲಾ ಅವನವೇ. ಫೋಟೋಕ್ಕ ಬಂದವರಿಗೆಲ್ಲಾ ಅದನ್ನ ತೊಡಸತಿದ್ದ. ಕತ್ತಿ ಕಟಗೀದು ಅಂತ ದಾದಾ ಹೇಳಿ ಹೇಳಿ ನಗತಿದ್ರು.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಫೋಟೋದವನ ಒಂದು ಕೋಟನ್ನು ಇಡೀ ಸುರಪುರಕ್ಕೆ ತೊಡಿಸಿದ್ದೆ! ನಾಚಿಕೆಗಿಂತ ದುಃಖ ಹೆಚ್ಚಾಗಿತ್ತು. ಈ ವರ್ಷವೂ ಅವರಿಗೆ ಹೆಸರಿಲ್ಲ. ಚಾಕು ತೆಗೆದು ಬಣ್ಣ ಕೆರೆಯಲು ಮೊದಲನೆಯವನಿಗೆ ಕೈ ಹಾಕಿದೆ.

ಅಯಾಜ್ ನನ್ನ ಮುಂಗೈ ಹಿಡಿದ. ಅವನು ನಗುತ್ತಿರಲಿಲ್ಲ. ಒಬ್ಬ ಸೈನಿಕನನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದ.

“ಇಂವ ಥೇಟ್ ದಾದಾನ ನೋಡು. ಇವನ್ನ ಕೆರೀಬ್ಯಾಡ.”

“ಸುಳ್ಳು ಕೋಟಲೇ ಅದು.”

“ಕೋಟು ಸುಳ್ಳು. ಮಂದಿ ಸುಳ್ಳೇನು? ಊರ ಮ್ಯಾಲ ತೋಪು ಬಂದಾಗ ಯಾರರ ಒಂದೇ ಬಣ್ಣದ ಅರಿವಿ ಹುಡಕತಾರೇನೋ ಹುಚ್ಚಾ? ಮನ್ಯಾಗ ಏನೈತಿ ಅದನ್ನ ತೊಟ್ಟು ಓಡ್ಯಾರ. ಉಳಿದವರಿಗೆ ಹಂಗ ಬಳಿ.”

“ಅದಕ್ಕ ಪುರಾವಾ?”

“ಅದಕೂ ಇಲ್ಲ.” ಅವನು ಮೇಳದ ಹಾಳೆ ಎಳೆದುಕೊಂಡು, ಉಡುಪು ಎಂಬಲ್ಲಿ ‘ಗೊತ್ತಿಲ್ಲ’ ಎಂದು ಬರೆದ. ಹೆಸರು ಎಂಬಲ್ಲಿ ‘ಸುರಪುರ’ ಎಂದು ಬರೆದ. ಕೆಳಗೆ ಸಹಿ ಹಾಕಿದ. “ಹೋದ ವರ್ಷಾನ ಹಾಕಬೇಕಿತ್ತು,” ಅಂದ. ನನಗೆ ಕಣ್ಣೀರು ಬಂತು, ಚಹಾ ಬಿಸಿ ಎಂದು ಸುಳ್ಳು ಹೇಳಿದೆ.

ಹೈದರಾಬಾದಿನಲ್ಲಿ ನನ್ನ ಪಡೆ ತರಹೇವಾರಿ ಧೋತರ, ಅಂಗಿ, ಕಂಬಳಿಗಳಲ್ಲಿ ನಿಂತಿತು. ಹಸಿರು ಕೋಟು ಒಬ್ಬನಿಗೆ ಮಾತ್ರ. ಅವನನ್ನು ಒಯ್ದು ಕೋಟೆಯ ಬಾಗಿಲಲ್ಲಿ, ಅಯಾಜನ ತೋಪಿನ ಎದುರಿಗೇ ನಿಲ್ಲಿಸಿದೆ. ಅಯಾಜ್ ಎತ್ತಿದ ದಾಳವನ್ನು ಮತ್ತೆ ಕೆಳಗಿಟ್ಟ.

“ಹರಾಮಖೋರ, ದಾದಾನ್ನ ಬಾಗಲದಾಗ ನಿಂದರಿಸೀಯಲ್ಲೋ!”

“ಹೊಡಿ. ಯುದ್ಧ ಅಂದ್ರ ಯುದ್ಧ.”

“ಮನಿಗೆ ಹೋಗಿ ನುಜ್ಹತಗ ಏನಂತ ಹೇಳ್ಲಿ?”

ಬೈಯುತ್ತ ಬೈಯುತ್ತ ತೋಪನ್ನು ತಿರುಗಿಸಿ ಬರೀ ಗೋಡೆಗೆ ಹೊಡೆದ. ಸಂಜೆಯ ತನಕ ಆ ಬಾಗಿಲಿನ ಮೇಲೆ ಒಂದು ಗುಂಡೂ ಬೀಳಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಅವನನ್ನು ಸೋಲಿಸಿದ್ದು ಅದೇ ಮೊದಲು, ಅದೂ ಅವನ ಅಜ್ಜನಿಂದ.