ನಾನು ಎಂದ ಮೇಲೆ

ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪ್ರಮಾಣವಚನ ಹೇಳಿಕೊಡುವುದು ಇಪ್ಪತ್ತಾರು ವರ್ಷಗಳಿಂದ ಗುಮಾಸ್ತ ಗುರುಮಲ್ಲಪ್ಪನವರ ಪಾಲಿನ ಕೆಲಸ. "ನಾನು" ಎಂದು ಹೇಳಿ ಅವರು ಸುಮ್ಮನಾಗುತ್ತಿದ್ದರು. ಆ ಜಾಗದಲ್ಲಿ ಎದುರಿಗಿದ್ದವರು ತಮ್ಮ ಹೆಸರು ಹೇಳಬೇಕು. ಸಂವಿಧಾನ, ನಿಷ್ಠೆ, ಪ್ರಾಮಾಣಿಕತೆ ಎಲ್ಲ ಆಮೇಲಿನ ಮಾತು.

1998ರಲ್ಲಿ, ಅವರ ನಿವೃತ್ತಿಯ ದಿನವೇ, ಕುಂಬಾರಕೊಪ್ಪಲಿನ ರತ್ನಮಾಲ ಎಂಬ ಹುಡುಗಿ ಕೆಲಸಕ್ಕೆ ಸೇರಲು ಬಂದಳು. ಗಾಬರಿಯಲ್ಲಿ "ನಾನು" ಎಂದವಳೇ ಬಾಯಿ ಮುಚ್ಚಿ ನಿಂತಳು.

"ಹೆಸರು ಹೇಳಮ್ಮ, ಯಾಕೆ ನಿಂತ್ಬುಟ್ಟೆ?"

"ನಿಮ್ಮ ಹೆಸರು ನಂಗೆ ಗೊತ್ತಿಲ್ವಲ್ಲ ಸಾರ್!"

ಇಡೀ ಕಚೇರಿ ನಕ್ಕಿತು. "ನಂದಲ್ಲ ಕಣಮ್ಮ, ನಿಂದು," ಎಂದು ಗುರುಮಲ್ಲಪ್ಪನವರೂ ನಕ್ಕರು. ಆದರೆ ಅವರ ಹೆಸರೇನೆಂದು ಅವಳಿಗೆ ಯಾರೂ ಹೇಳಲಿಲ್ಲ. ಅಲ್ಲಿ ಎಲ್ಲರಿಗೂ ಅವರು ಬರೀ "ಪ್ರಮಾಣದೋರು".

ಸಂಜೆ ಬೀಳ್ಕೊಡುಗೆಯ ಹಾರವನ್ನು ಕೈಯಲ್ಲಿ ಹಿಡಿದು ಅಗ್ರಹಾರದ ತಮ್ಮ ಬಾಡಿಗೆ ಕೋಣೆಗೆ ಬಂದರು. ಮದುವೆಯಾಗದ ಮನುಷ್ಯ, ಬಾಗಿಲು ತೆರೆಯುವವರಿಲ್ಲ. ಹಾರವನ್ನು ಮೊಳೆಗೆ ತೂಗುಹಾಕಿ, ಕನ್ನಡಿಯ ಮುಂದೆ ನೆಟ್ಟಗೆ ನಿಂತು, "ನಾನು" ಎಂದರು.

ಎಂದು, ರೂಢಿಯಂತೆ ಸುಮ್ಮನಾಗಿ, ಎದುರಿಗಿದ್ದವನು ಹೆಸರು ಹೇಳಲೆಂದು ಕಾದರು.