ಅಜ್ಜಿಯ ಬಾಗಿಲು

“ಇದು ಬರೀ ಬಾಗಿಲು ಕಣಮ್ಮ, ಮನೆ ಅಲ್ಲ,” ಅಂದರು ಸರ್ವರ್ ಮಾವ, ಪರದೆಯ ಮೇಲೆ ತೆರೆದಿದ್ದ ಫೈಲು ನೋಡಿ, ಕನ್ನಡಕವನ್ನು ಹಣೆಗೇರಿಸಿ.

ಪ್ರಯೋಗಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವರು ಅಲ್ಲಿ ಎಲ್ಲರಿಗೂ ಮಾವನೇ. ಹಳೆಯ ಲಿನಕ್ಸ್ ಸರ್ವರ್‌ಗೆ ಅಜ್ಜಿ, ಹೊಸದಕ್ಕೆ ಸೊಸೆ ಎಂದು ಹೆಸರಿಟ್ಟವರೂ ಅವರೇ. ಎದುರಿಗೆ ಕೂತವಳು, ಗೋಡೆ ತುಂಬ ನಕ್ಷೆ ಅಂಟಿಸಿ ಗ್ರಾಫಕ್ಕ ಎನಿಸಿಕೊಂಡ ಸಂಶೋಧಕಿ. ಮೂಳೆಯಲ್ಲಿ ಬಿರುಕು ಹೇಗೆ ಬೆಳೆಯುತ್ತದೆಂದು ಲೆಕ್ಕ ಹಾಕುವುದು ಅವಳ ಕೆಲಸ. ಒಂದು ಹಂತದಲ್ಲಿ ಬಿರುಕು ತಾನಾಗಿಯೇ ನಿಧಾನವಾಗುತ್ತದೆ, ನಕ್ಷೆಯ ಗೆರೆ ಅಲ್ಲಿ ಬಾಗುತ್ತದೆ. ಅವಳ ಪಿಎಚ್‌ಡಿ ಪ್ರಬಂಧವೆಲ್ಲ ನಿಂತಿದ್ದು ಆ ಬಾಗಿದ ಜಾಗದ ಮೇಲೆ. ಪರೀಕ್ಷಕರು ಕೇಳಿದ್ದು ಒಂದೇ: ಲೆಕ್ಕವನ್ನು ಇನ್ನೊಮ್ಮೆ ಓಡಿಸಿ ತೋರಿಸಿ.

“ಬಾಗಿಲು ಅಂದ್ರೆ? ನಾನು ದಿನಾ ಓಡಿಸ್ತಿದ್ದದ್ದು ಇದನ್ನೇ ಅಲ್ವಾ ಮಾವ? ‘ಮೂಳೆ’ ಅಂತ ಟೈಪ್ ಮಾಡಿದ್ರೆ ಸಾಕಿತ್ತು.”

“ಅದಕ್ಕೇ ಬರೆದುಕೊಟ್ಟಿದ್ದು. ನೀನು ಹೊಸದಾಗಿ ಬಂದಾಗ ಹಳೇ ಲೈಬ್ರರಿ, ಹಳೇ ಪೈಥಾನ್ ಯಾವುದೂ ಹೊಂದಲ್ಲ ಅಂತ ಒದ್ದಾಡ್ತಿದ್ದೆ, ಅಳೋದೊಂದು ಬಾಕಿ. ನೀನು ಒಂದು ಪದ ಹೊಡೆದ್ರೆ ಈ ಸ್ಕ್ರಿಪ್ಟೇ ಹೋಗಿ, ಬೇಕಾದ್ದನ್ನೆಲ್ಲ ಹೊಂದಿಸಿ, ಅಸಲಿ ಪ್ರೋಗ್ರಾಮನ್ನ ಎಬ್ಬಿಸೋ ಹಾಗೆ ಮಾಡಿದೆ. ಓದು. ಪ್ರತಿ ಸಾಲೂ ಅಜ್ಜಿ ಡಿಸ್ಕಿನ ವಿಳಾಸ. ಅಸಲಿ ಪ್ರೋಗ್ರಾಮು ಇದ್ದದ್ದು ಅಲ್ಲೇ.”

ಅಜ್ಜಿಯ ಡಿಸ್ಕನ್ನು ಕಳೆದ ವಾರ ಪೂರ್ತಿ ಅಳಿಸಿ ಗುಜರಿಗೆ ಕಳಿಸಿಯಾಗಿತ್ತು. ಅದಕ್ಕೂ ಮೊದಲು ಮಾವ ಕೋಣೆ ಕೋಣೆಗೆ ಹೋಗಿ, “ನಿಮ್ಮ ನಿಮ್ಮ ಸಾಮಾನು ತಗೊಳ್ರಪ್ಪಾ” ಎಂದು ಕೂಗಿದ್ದರು. ಗ್ರಾಫಕ್ಕ ಅಂಕಿಅಂಶ ತೆಗೆದುಕೊಂಡಳು, ನಕ್ಷೆ ತೆಗೆದುಕೊಂಡಳು, ‘ಮೂಳೆ’ ಫೈಲನ್ನಂತೂ ಎರಡೆರಡು ಕಡೆ ಜೋಪಾನ ಮಾಡಿದಳು. ಕಣ್ಣು ಮಿಟುಕಿಸುವುದರೊಳಗೆ ಕಾಪಿಯಾಗಿತ್ತು. ಇಷ್ಟು ಬೇಗ ಮುಗಿಯಿತಲ್ಲ ಎಂದು ಖುಷಿಯೂ ಪಟ್ಟಿದ್ದಳು.

“ಅಸಲಿ ಪ್ರೋಗ್ರಾಮನ್ನ ತಿರುಗಿ ಕಟ್ಟಕ್ಕಾಗಲ್ವಾ?”

“ಯಾವುದರಿಂದ ಕಟ್ಟಲಿ? ಅದನ್ನ ಬರೆದವರ ವೆಬ್‌ಸೈಟೇ ಮುಚ್ಚಿಹೋಗಿದೆ. ಅಜ್ಜಿ ಮೇಲೆ ಕೂರಿಸೋಕೆ ಆಗ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ್ದೆ. ಏನು ತಿದ್ದಿದ್ದು ಅಂತ ಮಾತ್ರ ಕೇಳ್ಬೇಡ.”

“ನೀವಾದ್ರೂ ಒಂದು ಕಾಪಿ ಇಟ್ಕೋಬಾರ್ದಿತ್ತಾ?”

“‘ಎಲ್ಲ ತಗೊಂಡೆ ಮಾವ’ ಅಂದ್ಯಲ್ಲ.”

“ನನಗೆ ಇದೇ ಎಲ್ಲ.”

ಮಾವ ಸೊಸೆಯ ಪರದೆಯತ್ತ ತಿರುಗಿದರು. ಬೇರೆ ಯಾರೋ ಹೊಸದಾಗಿ ಬರೆದ ಇಂಥದ್ದೇ ಪ್ರೋಗ್ರಾಮನ್ನು ಬೆಳಗ್ಗೆಯಿಂದ ಸೊಸೆಯ ಮೇಲೆ ಓಡಿಸುತ್ತಿದ್ದರು. ಕೊಟ್ಟ ಅಂಕಿಗಳು ಅವೇ. ಗೆರೆ ಮಾತ್ರ ಬಾಗದೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಮಾವ ಏನೇನೋ ಬದಲಾಯಿಸಿ ಕೊನೆಯದೆಂದು ಇನ್ನೊಂದು ಸಲ ಓಡಲು ಬಿಟ್ಟಿದ್ದರು.

“ಸೊಸೆ ತಪ್ಪು ಹೇಳ್ತಿರಬಹುದಲ್ಲ ಮಾವ?”

“ಹೇಳ್ತಿರಬಹುದು. ಅಜ್ಜಿಗೂ ವಯಸ್ಸಾಗಿತ್ತು ಕಣಮ್ಮ.”

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

“ಹಾಗಾದ್ರೆ ಗೆರೆ ನಿಜವಾಗ್ಲೂ ಬಾಗಿತ್ತಾ? ಇಲ್ಲಾ, ನೀವು ತಿದ್ದಿದ್ದಕ್ಕೆ ಬಾಗಿತಾ? ಇಷ್ಟು ವರ್ಷ ನಾನು ನೋಡಿದ್ದಾದ್ರೂ ಏನು?”

“ಕೇಳೋಣ ಅಂದ್ರೆ ಅವಳೇ ಇಲ್ಲವಲ್ಲ ಮಗಳೇ.”

ಮೂಲೆಯ ಪ್ರಿಂಟರು ಕೆಮ್ಮಿ, ಸೊಸೆಯ ಹೊಸ ನಕ್ಷೆಯ ಹಾಳೆಯನ್ನು ಹೊರಗೆ ತಳ್ಳಿತು. ಮಾವ ಎದ್ದುಹೋಗಿ ಕೈಗೆತ್ತಿಕೊಂಡು ಗೆರೆಯ ಉದ್ದಕ್ಕೂ ಬೆರಳು ಎಳೆದರು; ಬೆರಳು ಎಲ್ಲೂ ಬಾಗಲಿಲ್ಲ. ಹಾಳೆಯನ್ನು ಅವಳ ಮುಂದೆ ಬೋರಲು ಹಾಕಿ, ಅಂಗಿಯ ಚುಂಗಿನಿಂದ ಕನ್ನಡಕ ಒರೆಸತೊಡಗಿದರು.